ತಲೆಗೆ ಬಿಸಿಲು ಕಾಯಿಸಿದರೆ ಕೂದಲು ಉದುರುವುದು ನಿಲ್ಲುತ್ತದೆಯೇ? ಮಲೆನಾಡಿನವರಿಗೊಂದು ಮಾರ್ಗದರ್ಶಿ

ಮಳೆ ನಿಂತು ಅಂಗಳದಲ್ಲಿ ಅಡಿಕೆ ಹರವುವ ಹೊತ್ತಿಗೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಳೆಗಾಲವೆಲ್ಲ ಕೂದಲು ಉದುರಿತು. ನಾಲ್ಕು ತಿಂಗಳು ಸರಿಯಾಗಿ ಬಿಸಿಲೇ ಕಂಡಿಲ್ಲ. ಈಗ ದಿನಾ ತಲೆಗೆ ಬಿಸಿಲು ಕಾಯಿಸಿದರೆ ಸರಿಹೋಗುತ್ತದಾ?" ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಹೀಗೆ ಅನ್ನಿಸುವುದು ಸಹಜವೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಮೋಡದ ಹಿಂದೆಯೇ ಇರುತ್ತಾನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೆತ್ತಿಗೆ ಬಿಸಿಲು ಬಿದ್ದ ಮಾತ್ರಕ್ಕೆ ಕೂದಲು ಬೆಳೆಯುವುದಿಲ್ಲ. ಬಿಸಿಲು ಕೂದಲಿಗೆ ನೆರವಾಗುವ ದಾರಿ ಒಂದೇ, ಅದು ವಿಟಮಿನ್ ಡಿ. ಅದೂ ನಿಮ್ಮ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇದ್ದರೆ ಮಾತ್ರ. ಅದಕ್ಕಾಗಿ ಬಿಸಿಲಿಗೆ ಒಡ್ಡಬೇಕಾದದ್ದು ಕೈಕಾಲನ್ನು, ತಲೆಯನ್ನಲ್ಲ. ತಲೆಗೆ ಟೋಪಿಯೋ ವಸ್ತ್ರವೋ ಇರಲಿ.

ಇದು ಯಾಕೆ ಹೀಗೆ ಎಂದು ಸ್ವಲ್ಪ ತಿಳಿದುಕೊಂಡರೆ ಮುಂದಿನ ಹಂತಗಳು ಸುಲಭವಾಗುತ್ತವೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅದರಲ್ಲಿ ಯುವಿ-ಬಿ ಎಂಬ ಬಗೆಯದ್ದು ಚರ್ಮಕ್ಕೆ ತಾಗಿದಾಗ ಅಲ್ಲಿರುವ ಕೊಬ್ಬಿನಂಥ ಒಂದು ವಸ್ತು ವಿಟಮಿನ್ ಡಿ ಆಗಿ ಬದಲಾಗುತ್ತದೆ. ಅದು ರಕ್ತ ಸೇರಿ, ಲಿವರ್ ಮತ್ತು ಕಿಡ್ನಿಯಲ್ಲಿ ಕೆಲಸಕ್ಕೆ ಬರುವ ರೂಪ ಪಡೆಯುತ್ತದೆ. ಮೊಣಕೈ ಮೇಲೆ ಬಿದ್ದ ಬಿಸಿಲಿನ ವಿಟಮಿನ್ನೂ ರಕ್ತದ ಮೂಲಕ ಇಡೀ ಮೈಗೆ ಹೋಗುತ್ತದೆ. ಹಾಗಾಗಿ ನೆತ್ತಿಯನ್ನೇ ಸುಡಬೇಕಾದ ಕಾರಣವಿಲ್ಲ.

ಕೂದಲ ಬುಡದಲ್ಲಿ ವಿಟಮಿನ್ ಡಿ ಗ್ರಾಹಕ, ಅಂದರೆ ಅದರ ಸಂದೇಶ ಹಿಡಿಯುವ ಪ್ರೋಟೀನ್, ಇರುವುದು ನಿಜ. ಹುಟ್ಟಿನಿಂದಲೇ ಆ ಗ್ರಾಹಕ ಕೆಟ್ಟಿರುವ ಅಪರೂಪದ ಮಕ್ಕಳಿಗೆ ತಲೆಗೂದಲು ಪೂರ್ತಿ ಉದುರಿಹೋಗುವುದುಂಟು. ಆದರೆ ಇದರಿಂದ "ವಿಟಮಿನ್ ಡಿ ತಿಂದರೆ ಕೂದಲು ದಟ್ಟವಾಗುತ್ತದೆ" ಎಂದು ತೀರ್ಮಾನಿಸಬೇಡಿ. ಕೊರತೆ ಇದ್ದವರು ಅದನ್ನು ತುಂಬಿಕೊಳ್ಳಬೇಕು. ಕೊರತೆ ಇಲ್ಲದವರಿಗೆ ಇನ್ನಷ್ಟು ಸುರಿದರೆ ಲಾಭವಿಲ್ಲ.

ಶುರು ಮಾಡುವ ಮುನ್ನ ಬೇಕಾದದ್ದು

ದೊಡ್ಡ ತಯಾರಿ ಏನೂ ಬೇಡ. ಒಳ್ಳೆಯ ಬೆಳಕಿರುವ ಕನ್ನಡಿ, ಫೋಟೊ ತೆಗೆಯುವ ಮೊಬೈಲ್, ಕಳೆದ ಆರು ತಿಂಗಳಲ್ಲಿ ನಿಮ್ಮ ಆರೋಗ್ಯದಲ್ಲಿ ಏನೇನಾಯಿತು ಎಂಬ ನೆನಪು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಮತ್ತು ಒಂದು ರಕ್ತಪರೀಕ್ಷೆ. ಇವೆಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು 1 ಸೆಂಟಿಮೀಟರ್.

ಹಂತ 1: ಹೇಗೆ ಉದುರುತ್ತಿದೆ ಎಂದು ನೋಡಿ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇರುವುದೇ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡುವವರಿಗೆ ವಾರದ ಕೂದಲೆಲ್ಲ ಒಟ್ಟಿಗೇ ಬಚ್ಚಲಲ್ಲಿ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ದಿನ ತಲೆ ತೊಳೆಯದೆ ಬಿಡಿ. ಮರುದಿನ ಸುಮಾರು 50–60 ಕೂದಲಿನ ಎಳೆಯನ್ನು ಬುಡದ ಹತ್ತಿರ ಬೆರಳಲ್ಲಿ ಹಿಡಿದು, ತುದಿಯವರೆಗೆ ಮೆಲ್ಲಗೆ ಜಾರಿಸುತ್ತಾ ಎಳೆಯಿರಿ. ಒಂದೆರಡು ಬಂದರೆ ಚಿಂತೆಯಿಲ್ಲ. ಆರಕ್ಕಿಂತ ಜಾಸ್ತಿ ಬಂದರೆ ಉದುರುವಿಕೆ ಹೆಚ್ಚಾಗಿದೆ ಎಂದು ತಿಳಿಯಬಹುದು. ತಲೆಯ ಬೇರೆ ಬೇರೆ ಕಡೆ ಹೀಗೆ ನೋಡಿ.

ಆಮೇಲೆ ಕನ್ನಡಿ ಮುಂದೆ ನಿಲ್ಲಿ. ಗಂಡಸರಲ್ಲಿ ಹಣೆಯ ಎರಡು ಮೂಲೆ ಮತ್ತು ನೆತ್ತಿ ಖಾಲಿಯಾಗುತ್ತಿದ್ದರೆ, ಹೆಂಗಸರಲ್ಲಿ ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಅದು ಹೆಚ್ಚಾಗಿ ವಂಶದಿಂದ ಬಂದ ಬೋಳು. ಗಂಡಸರಲ್ಲಿ ಡಿಎಚ್‌ಟಿ ಎಂಬ ಹಾರ್ಮೋನು ಕೂದಲ ಬುಡವನ್ನು ನಿಧಾನಕ್ಕೆ ಕುಗ್ಗಿಸುತ್ತಾ ಬರುತ್ತದೆ. ಇದಕ್ಕೆ ಎಷ್ಟು ಬಿಸಿಲು ಕಾಯಿಸಿದರೂ ಪ್ರಯೋಜನವಿಲ್ಲ. ಬಿಸಿಲು ಈ ಹಾರ್ಮೋನನ್ನು ತಡೆಯುವುದಿಲ್ಲ. ಇಂಥವರು ಆರನೇ ಹಂತಕ್ಕೆ ಹೋಗಿ.

ನಾಣ್ಯದಷ್ಟು ದುಂಡಗೆ, ನುಣ್ಣಗೆ ಒಂದೇ ಜಾಗದಲ್ಲಿ ಕೂದಲು ಹೋಗಿದ್ದರೆ ಅದು ಅಲೋಪೇಶಿಯಾ ಏರಿಯೇಟಾ. ಹಳ್ಳಿಯಲ್ಲಿ "ಹುಳ ತಿಂದಿದೆ" ಅನ್ನುತ್ತಾರೆ. ಹುಳವೇನೂ ಇರುವುದಿಲ್ಲ, ನಮ್ಮ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಇದು ಇರುವವರಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಹೆಚ್ಚಾಗಿ ಕಂಡುಬಂದಿದೆ. ಆದರೂ ಇದಕ್ಕೆ ಬೇಕಾದದ್ದು ಚರ್ಮವೈದ್ಯರ ಚಿಕಿತ್ಸೆ. ಮಕ್ಕಳ ತಲೆಯಲ್ಲಿ ಇಂಥ ಜಾಗ ಕಂಡು, ಅಲ್ಲಿ ಹೊಟ್ಟು, ಕೆರೆತ, ತುಂಡಾದ ಕೂದಲು ಇದ್ದರೆ ಅದು ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು, ಇರಬಹುದು. ತಲೆಯ ಹುಳುಕಡ್ಡಿಗೆ ಹಚ್ಚುವ ಮುಲಾಮು ಸಾಲದು, ನುಂಗುವ ಔಷಧಿಯೇ ಬೇಕು.

ಇಡೀ ತಲೆಯಿಂದ ಸಮನಾಗಿ, ಹಿಡಿ ಹಿಡಿಯಾಗಿ ಉದುರುತ್ತಿದೆಯೇ? ಹಾಗಿದ್ದರೆ ಮುಂದಿನ ಹಂತ ನಿಮಗಾಗಿಯೇ.

ಹಂತ 2: ಮೂರು ತಿಂಗಳು ಹಿಂದಕ್ಕೆ ಹೋಗಿ

ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಬಿಸಿಲಿನ ಬಗ್ಗೆ ಇರುವ ತಪ್ಪು ನಂಬಿಕೆ ಹುಟ್ಟುವುದೇ ಇಲ್ಲಿ.

ಪ್ರತಿ ಕೂದಲೂ ಕೆಲವು ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ನೆ ಕೂರುತ್ತದೆ, ನಂತರ ಉದುರುತ್ತದೆ. ಜೋರು ಜ್ವರ, ಹೆರಿಗೆ, ಆಪರೇಷನ್, ಒಮ್ಮೆಲೇ ತೂಕ ಇಳಿಸುವ ಉಪವಾಸ, ದೊಡ್ಡ ಆಘಾತ ಇಂಥದ್ದೇನಾದರೂ ಆದಾಗ ಒಂದೇ ಸಲಕ್ಕೆ ತುಂಬಾ ಕೂದಲು ಬೆಳೆಯುವುದನ್ನು ನಿಲ್ಲಿಸಿ ಆ ಕೂರುವ ಸ್ಥಿತಿಗೆ ಹೋಗುತ್ತದೆ. ಉದುರುವುದು ಮಾತ್ರ ಎರಡು ಮೂರು ತಿಂಗಳು ಕಳೆದ ಮೇಲೆ. ಡಾಕ್ಟರು ಇದನ್ನು ಟೆಲೋಜೆನ್ ಎಫ್ಲುವಿಯಂ ಅನ್ನುತ್ತಾರೆ. ಅಡಿಕೆ ಮರದ ಹಣ್ಣಾದ ಸೋಗೆ ಕಳಚಿ ಬಿದ್ದ ಹಾಗೆ ಇದು. ಸೋಗೆ ಬಿದ್ದರೂ ಮರ ಸತ್ತಿಲ್ಲ, ಸುಳಿಯಲ್ಲಿ ಹೊಸದು ಬರುತ್ತಲೇ ಇರುತ್ತದೆ. ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಉದುರುವುದು ತಾನಾಗಿ ತಗ್ಗುತ್ತದೆ.

ಈಗ ನಮ್ಮ ಕಡೆಯ ಕಾಲಮಾನಕ್ಕೆ ಇದನ್ನು ಹೊಂದಿಸಿ ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಹೆಚ್ಚಾಗಿ ಕಾಡುವುದು ಡಿಸೆಂಬರ್‌ನಿಂದ ಮೇ ಒಳಗೆ. ಅದೇ ಆಗಬೇಕೆಂದಿಲ್ಲ, ಜೋರಾಗಿ ಬಂದ ಯಾವ ಜ್ವರವಾದರೂ ಸರಿ. ಮಾರ್ಚ್ ಕೊನೆಗೆ ಜ್ವರ ಬಂದವರ ಕೂದಲು ಉದುರಲು ಶುರುವಾಗುವುದು ಜೂನ್ ಹೊತ್ತಿಗೆ, ಅಂದರೆ ಮಳೆ ಹಿಡಿದಾಗ. "ಮಳೆಗೆ ಕೂದಲು ಹೋಯಿತು" ಅನ್ನಿಸುತ್ತದೆ. ಅದು ತಾನಾಗಿ ನಿಲ್ಲುವುದು ಅಕ್ಟೋಬರ್ ಹೊತ್ತಿಗೆ, ಬಿಸಿಲು ಬಿದ್ದಾಗ. "ಬಿಸಿಲು ಕಾಯಿಸಿದ್ದಕ್ಕೆ ನಿಂತಿತು" ಅನ್ನಿಸುತ್ತದೆ. ಎರಡೂ ಅಲ್ಲ, ಅಲ್ವಾ? ಜ್ವರ ಕೊಟ್ಟ ಪೆಟ್ಟು ಅದರ ಲೆಕ್ಕದಂತೆ ಬಂದು ಹೋಯಿತು, ಅಷ್ಟೇ.

ಬಾಣಂತಿಯರ ವಿಷಯವೂ ಹೀಗೆಯೇ. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಕೂದಲು ಉದುರುವುದು ತೀರಾ ಸಾಮಾನ್ಯ. ಆ ಹೊತ್ತಿಗೆ ಬಾಣಂತಿ ಕತ್ತಲೆ ಕೋಣೆಯಲ್ಲಿ, ಕಿವಿಗೆ ಬಟ್ಟೆ ಸುತ್ತಿಕೊಂಡು ಇದ್ದಿರುತ್ತಾಳೆ. ಬಿಸಿಲಿಲ್ಲದ್ದಕ್ಕೇ ಹೀಗಾಯಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಕೂದಲಿಗಾಗಿ ಅಲ್ಲದಿದ್ದರೂ ಆ ತಾಯಿಗೆ ಬೆಳಕು, ಗಾಳಿ, ಬಿಸಿಲು ಸಿಗಬೇಕು. ತಿಂಗಳುಗಟ್ಟಲೆ ಕತ್ತಲಲ್ಲಿ ಕೂರಿಸುವುದರಿಂದ ಅವಳ ವಿಟಮಿನ್ ಡಿ ಇಳಿಯುತ್ತದೆ, ಬರಿ ಎದೆಹಾಲು ಕುಡಿಯುವ ಮಗುವಿಗೂ ಅದು ಸಾಲದೆ ಬರುತ್ತದೆ. ಬಾಣಂತನ ಮಾಡುವ ಅಮ್ಮಂದಿರು, ಅತ್ತೆಯಂದಿರು ಇದನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಹಂತ 3: ರಕ್ತ ಪರೀಕ್ಷೆ ಮಾಡಿಸಿ

ವಿಟಮಿನ್ ಡಿ ಕಡಿಮೆ ಇದೆಯೋ ಇಲ್ಲವೋ ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ಲ್ಯಾಬಿನಲ್ಲಿ "25-ಹೈಡ್ರಾಕ್ಸಿ ವಿಟಮಿನ್ ಡಿ" ಎಂದು ಕೇಳಿ. ಒಂದು ಮಿಲಿಲೀಟರ್‌ಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ. 20ರಿಂದ 30ರ ನಡುವೆ ಇದ್ದರೆ ಸಾಲದು ಎಂದು ಹೆಚ್ಚಿನ ವೈದ್ಯರು ಪರಿಗಣಿಸುತ್ತಾರೆ. 30ರ ಮೇಲಿದ್ದರೆ ನಿಮ್ಮ ಕೂದಲಿನ ಸಮಸ್ಯೆಗೆ ಬಿಸಿಲು ಉತ್ತರವಲ್ಲ.

ಇದೊಂದನ್ನೇ ಮಾಡಿಸಿ ಬರಬೇಡಿ. ಹಿಮೋಗ್ಲೋಬಿನ್, ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಥೈರಾಯ್ಡ್‌ಗೆ ಟಿಎಸ್‌ಎಚ್, ಇವನ್ನೂ ಡಾಕ್ಟರ ಸಲಹೆಯಂತೆ ನೋಡಿಸಿ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ಹೆಂಗಸರಲ್ಲಿ ಕೂದಲು ಉದುರುವುದಕ್ಕೆ ಕಬ್ಬಿಣದ ಕೊರತೆಯೇ ಕಾರಣ ಇರಬಹುದು. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ ಕಡಿಮೆ ಇರಬಹುದು.

ಎಚ್ಚರಿಕೆ: ಕೂದಲಿಗೆಂದು ಬಯೊಟಿನ್ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಡಾಕ್ಟರಿಗೂ ಲ್ಯಾಬಿನವರಿಗೂ ಮೊದಲೇ ಹೇಳಿ. ಬಯೊಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನು ತಪ್ಪಾಗಿ ತೋರಿಸಬಲ್ಲದು. ಕೆಲವು ದಿನ ನಿಲ್ಲಿಸಿ ರಕ್ತ ಕೊಡಬೇಕಾಗುತ್ತದೆ.

ಹಂತ 4: ಬಿಸಿಲು ನಿಮಗೆ ಆಗುತ್ತದೆಯೇ?

ಲೂಪಸ್ ಎಂಬ ಕಾಯಿಲೆ ಇರುವವರಿಗೆ ಬಿಸಿಲು ವಿಷವಿದ್ದ ಹಾಗೆ. ಬಿಸಿಲಿಗೆ ಹೋದರೆ ಕೆನ್ನೆ, ಮೂಗಿನ ಮೇಲೆ ಕೆಂಪು ಹರಡುವುದು, ಗಂಟು ನೋವು, ಬಾಯಿಹುಣ್ಣು, ಅದರ ಜೊತೆಗೇ ಕೂದಲು ಉದುರುವುದು ಇದ್ದರೆ ದಯವಿಟ್ಟು ಬಿಸಿಲಿಗೆ ಕೂರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಲೂಪಸ್‌ನ ಒಂದು ಬಗೆಯಲ್ಲಿ ತಲೆಯ ಚರ್ಮದಲ್ಲಿ ಕಲೆಗಟ್ಟಿ, ಅಲ್ಲಿ ಮತ್ತೆ ಕೂದಲೇ ಬರುವುದಿಲ್ಲ. ಡಾಕ್ಸಿಸೈಕ್ಲಿನ್ ಥರದ ಕೆಲವು ಮಾತ್ರೆಗಳು ಕೂಡ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ.

ಹಂತ 5: ಬಿಸಿಲು ತೆಗೆದುಕೊಳ್ಳುವ ಕ್ರಮ

ಪರೀಕ್ಷೆಯಲ್ಲಿ ಕೊರತೆ ಕಂಡಿದೆ, ಲೂಪಸ್‌ನಂಥ ತೊಂದರೆ ಇಲ್ಲ. ಈಗ ಅಂಗಳಕ್ಕೆ ಇಳಿಯಬಹುದು.

*ಸಮಯ.* ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. "ಎಳೆ ಬಿಸಿಲೇ ಒಳ್ಳೆಯದು" ಎಂದು ಬೆಳಿಗ್ಗೆ ಏಳಕ್ಕೆ ಕೂರುತ್ತಾರೆ. ಎಳೆ ಬಿಸಿಲು ಮೈಗೆ ಹಿತ, ಮನಸ್ಸಿಗೆ ಹಿತ. ಆದರೆ ಆಗ ಕಿರಣಗಳು ಓರೆಯಾಗಿ, ದಪ್ಪ ಗಾಳಿಪದರ ದಾಟಿ ಬರುತ್ತವೆ. ಯುವಿ-ಬಿ ಬಹುಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ನಮ್ಮಲ್ಲಿ ಡಿಸೆಂಬರ್–ಜನವರಿಯಲ್ಲಂತೂ ಬೆಳಿಗ್ಗೆ ಇಬ್ಬನಿ ಬೇರೆ.

ಗಡಿಯಾರ ನೋಡುವುದಕ್ಕಿಂತ ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ವಿಟಮಿನ್ ಡಿ ಚೆನ್ನಾಗಿ ತಯಾರಾಗುತ್ತದೆ. ಉದ್ದವಾಗಿದ್ದರೆ ತೀರಾ ಕಡಿಮೆ. ಶಿವಮೊಗ್ಗದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆ ಆಸುಪಾಸಿಗೆ. ಡಿಸೆಂಬರ್‌ನಲ್ಲಿ ಸುಮಾರು ಹತ್ತೂಮುಕ್ಕಾಲರಿಂದ ಎರಡು ಗಂಟೆಯವರೆಗೆ ನೆರಳು ಗಿಡ್ಡ. ಏಪ್ರಿಲ್‌ನಲ್ಲಿ ಒಂಬತ್ತೂವರೆಗೇ ಗಿಡ್ಡವಾಗಿರುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಹತ್ತರ ಒಳಗೆ ಮುಗಿಸಿಕೊಳ್ಳಿ. ನಡುಮಧ್ಯಾಹ್ನದ ಉರಿಬಿಸಿಲು ಬೇಡ.

*ಎಷ್ಟು ಹೊತ್ತು.* ಅಂಗೈಯಷ್ಟು ಜಾಗಕ್ಕೆ ಬಿಸಿಲು ಬಿದ್ದರೆ ಸಾಲದು. ಮೊಣಕೈ, ಮೊಣಕಾಲಿನವರೆಗೆ ಬಟ್ಟೆ ಮಡಚಿ, ವಾರಕ್ಕೆ ಮೂರು ನಾಲ್ಕು ದಿನ 20ರಿಂದ 30 ನಿಮಿಷ. ಮೈಬಣ್ಣ ಕಪ್ಪಿದ್ದಷ್ಟೂ ಹೊತ್ತು ಸ್ವಲ್ಪ ಜಾಸ್ತಿ ಬೇಕು. ಚರ್ಮದ ಮೆಲನಿನ್, ಅಂದರೆ ಬಣ್ಣದ ಅಂಶ, ಕಿರಣವನ್ನು ತಡೆಯುತ್ತದೆ. ಮೊದಲ ವಾರ ಹತ್ತು ನಿಮಿಷದಿಂದ ಶುರು ಮಾಡಿ. ಚರ್ಮ ಉರಿಯತೊಡಗುವ ಮೊದಲೇ ಎದ್ದುಬಿಡಬೇಕು. ಗಂಟೆಗಟ್ಟಲೆ ಕೂತರೆ ವಿಟಮಿನ್ ಗಂಟೆಗಟ್ಟಲೆ ಹೆಚ್ಚುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಚರ್ಮ ಅದನ್ನು ಬೇರೆ ವಸ್ತುವಾಗಿ ಒಡೆದುಬಿಡುತ್ತದೆ.

*ಎಲ್ಲಿ.* ಬಯಲಲ್ಲಿ. ಗಾಜಿನ ಕಿಟಕಿಯೊಳಗೆ ಬೀಳುವ ಬಿಸಿಲು ಬೆಚ್ಚಗಿದ್ದರೂ ಲೆಕ್ಕಕ್ಕಿಲ್ಲ, ಯುವಿ-ಬಿ ಗಾಜು ದಾಟುವುದಿಲ್ಲ. ಪಾಲಿಕಾರ್ಬೊನೇಟ್ ಶೀಟು ಹೊದಿಸಿದ ಚಪ್ಪರದ ಕೆಳಗೂ ಅಷ್ಟೇ. "ನಾನು ದಿನವಿಡೀ ತೋಟದಲ್ಲೇ ಇರುತ್ತೇನೆ, ನನಗ್ಯಾಕೆ ಕೊರತೆ" ಎಂದು ಕೇಳುವವರಿದ್ದಾರೆ. ಅಡಿಕೆ ತೋಟದ ಒಳಗೆ ಇರುವುದು ನೆರಳು. ಮೇಲಿಂದ ತುಂಬುತೋಳಿನ ಅಂಗಿ. ತೋಟದ ಕೆಲಸ ಮಾಡಿದ ಮಾತ್ರಕ್ಕೆ ಬಿಸಿಲು ಸಿಕ್ಕಿದೆ ಎಂದಲ್ಲ. ಅಡಿಕೆ ಹರವುವಾಗ, ಮಗುಚುವಾಗ ತೋಳು ಮಡಚಿಕೊಳ್ಳಿ. ಅದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಕಿಲ್ಲ.

*ತಲೆ.* ಹಾಳೆಟೋಪಿಯೋ, ಹತ್ತಿ ವಸ್ತ್ರವೋ ಹಾಕಿಕೊಳ್ಳಿ. ಬಿಸಿಲು ಕೂದಲ ಎಳೆಯ ಪ್ರೋಟೀನನ್ನು ಹಾಳು ಮಾಡುತ್ತದೆ. ಕೂದಲು ಒರಟಾಗಿ, ತುದಿ ಸೀಳಿ, ನಡುವೆ ತುಂಡಾಗುತ್ತದೆ. ಈಗಾಗಲೇ ತೆಳ್ಳಗಾದ ನೆತ್ತಿಗೆ ಬಿಸಿಲು ನೇರವಾಗಿ ತಾಗುವುದರಿಂದ ಅಲ್ಲಿ ಚರ್ಮ ಸುಡುತ್ತದೆ. ವರ್ಷಗಟ್ಟಲೆ ಹೀಗಾದರೆ ಒರಟು ಚಕ್ಕೆಗಳೇಳುತ್ತವೆ, ಮುಂದೆ ಚರ್ಮದ ಕ್ಯಾನ್ಸರ್ ಅಪಾಯವೂ ಇದೆ. ಕೂದಲು ಕಡಿಮೆ ಇರುವವರಿಗೇ ಟೋಪಿ ಹೆಚ್ಚು ಬೇಕು.

ದೊಡ್ಡ ಎಚ್ಚರಿಕೆ: ಹೊಟ್ಟಿಗೆಂದು ತಲೆಗೆ ನಿಂಬೆರಸ ತಿಕ್ಕಿ ಬಿಸಿಲಿಗೆ ಕೂರುವ ಅಭ್ಯಾಸ ಇದೆ. ಖಂಡಿತ ಮಾಡಬೇಡಿ. ನಿಂಬೆಯಲ್ಲಿರುವ ಒಂದು ವಸ್ತು ಬಿಸಿಲು ಸೇರಿದಾಗ ಚರ್ಮವನ್ನು ಸುಡುತ್ತದೆ. ಹಣೆ, ಕಿವಿಯ ಹಿಂದೆ ಗುಳ್ಳೆಯೆದ್ದು, ಕಪ್ಪು ಕಲೆ ತಿಂಗಳಾನುಗಟ್ಟಲೆ ಉಳಿಯುತ್ತದೆ. ಬಾವಂಚಿ ಬೀಜದ ಎಣ್ಣೆಗೂ ಇದೇ ಗುಣವಿದೆ. ದಾಸವಾಳದ ಸೊಪ್ಪಿನ ಲೋಳೆ, ಸೀಗೆ, ತೆಂಗಿನೆಣ್ಣೆ ಇವುಗಳಿಂದ ಇಂಥ ಅಪಾಯವಿಲ್ಲ. ಕೂದಲು ಮೆದುವಾಗುತ್ತದೆ, ಆದರೆ ಹೊಸ ಕೂದಲು ಹುಟ್ಟುವುದಿಲ್ಲ.

ಹಂತ 6: ಬಿಸಿಲು ಸಾಲದಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ. ಬಂಗುಡೆ, ಬೂತಾಯಿ ಮೀನಿನಲ್ಲಿ ವಿಟಮಿನ್ ಡಿ ಚೆನ್ನಾಗಿದೆ, ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಸಸ್ಯಾಹಾರಿಗಳಿಗೆ ದಾರಿ ಇಕ್ಕಟ್ಟು. ಅಂಗಡಿಯ ಅಣಬೆಯನ್ನು ಹೆಚ್ಚಿ ಬಿಸಿಲಿಗೆ ಇಟ್ಟರೆ ಅದರಲ್ಲೂ ವಿಟಮಿನ್ ಡಿ ಉಂಟಾಗುತ್ತದೆ. ಗುರುತಿಲ್ಲದ ಕಾಡಣಬೆಗೆ ಮಾತ್ರ ಕೈ ಹಾಕಬೇಡಿ.

ಕೊರತೆ ಜೋರಾಗಿದ್ದರೆ ಡಾಕ್ಟರು 60,000 ಯೂನಿಟ್‌ನ ಕ್ಯಾಪ್ಸೂಲ್ ಬರೆಯುತ್ತಾರೆ. ಸಾಮಾನ್ಯವಾಗಿ ಇದು ವಾರಕ್ಕೊಂದು, ಕೆಲವು ವಾರಗಳಿಗೆ ಮಾತ್ರ. ದಿನಕ್ಕೊಂದರಂತೆ ನುಂಗಿದರೆ, ಅಥವಾ ನಿಲ್ಲಿಸದೆ ವರ್ಷವಿಡೀ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕೆ, ಮಲಬದ್ಧತೆ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು. ಬಿಸಿಲಿನಿಂದ ವಿಟಮಿನ್ ಡಿ ಅತಿಯಾಗುವುದಿಲ್ಲ, ಮಾತ್ರೆಯಿಂದ ಆಗುತ್ತದೆ. ಪಕ್ಕದ ಮನೆಯವರ ಚೀಟಿ ನೋಡಿ ಮೆಡಿಕಲ್‌ನಲ್ಲಿ ಕೇಳಬೇಡಿ.

ಮಳೆಗಾಲದಲ್ಲಿ ಇನ್ನೊಂದು ಮಾತು. ಒದ್ದೆ ಕೂದಲನ್ನು ಗಂಟು ಹಾಕಬೇಡಿ, ಒದ್ದೆಯಲ್ಲಿ ಬಾಚಬೇಡಿ. ಒದ್ದೆ ಕೂದಲು ಬೇಗ ತುಂಡಾಗುತ್ತದೆ. ಹೊಟ್ಟು ಇದ್ದರೆ ತಲೆಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡುವುದನ್ನು ನಿಲ್ಲಿಸಿ. ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಎಣ್ಣೆಯಂಶ ತಿಂದೇ ಬೆಳೆಯುತ್ತದೆ. ಕೀಟೊಕೊನಜೋಲ್ ಇರುವ ಶಾಂಪೂ ವಾರಕ್ಕೆರಡು ಸಲ, ನೊರೆಯನ್ನು ಐದು ನಿಮಿಷ ಬಿಟ್ಟು ತೊಳೆದರೆ ಹತೋಟಿಗೆ ಬರುತ್ತದೆ.

ವಂಶದ ಬೋಳು ಇರುವವರಿಗೆ ಪುರಾವೆ ಇರುವ ಔಷಧಿಗಳಿವೆ. ತಲೆಗೆ ಹಚ್ಚುವ ಮಿನಾಕ್ಸಿಡಿಲ್, ಗಂಡಸರಿಗೆ ಡಾಕ್ಟರು ಬರೆದುಕೊಟ್ಟರೆ ಫಿನಾಸ್ಟರೈಡ್. ಮಿನಾಕ್ಸಿಡಿಲ್ ಶುರು ಮಾಡಿದ ಮೊದಲ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹೆದರಿ ಬಿಡುವವರೇ ಹೆಚ್ಚು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಇದು ಬೇಡ.

"ಕೆಂಪು ಬೆಳಕಿನ ಟೋಪಿ ಕೂದಲು ಬೆಳೆಸುತ್ತದಂತೆ, ಬಿಸಿಲಲ್ಲೂ ಕೆಂಪು ಬೆಳಕಿದೆಯಲ್ಲ" ಎಂದು ಕೆಲವರು ಕೇಳುತ್ತಾರೆ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೇಲೆ ಲೇಸರ್ ಹಾಯಿಸಿದಾಗ ಕೂದಲು ಬೇಗ ಬಂದದ್ದನ್ನು ಗಮನಿಸಿದರು. ಆ ದಾರಿಯಲ್ಲಿ ಬಂದ ಉಪಕರಣಗಳಿಂದ ವಂಶದ ಬೋಳಿನಲ್ಲಿ ಒಂದಿಷ್ಟು ಲಾಭ ಇದೆ. ಆದರೆ ಅವು ಒಂದೇ ಬಗೆಯ ಬೆಳಕನ್ನು ಅಳತೆ ಮಾಡಿ ಕೊಡುತ್ತವೆ, ನೇರಳಾತೀತ ಕಿರಣ ಅದರಲ್ಲಿಲ್ಲ. ಆಸ್ಪತ್ರೆಯಲ್ಲಿ ಅಲೋಪೇಶಿಯಾ ಏರಿಯೇಟಾಗೆ ಕೆಲವೊಮ್ಮೆ ಕೊಡುವ ಯುವಿ ಚಿಕಿತ್ಸೆಯೂ ಅಳತೆಯ ಬೆಳಕೇ. ಅಂಗಳದ ಬಿಸಿಲಿಗೆ ಆ ಅಳತೆ ಇಲ್ಲ.

ಹಂತ 7: ಮೂರು ತಿಂಗಳ ನಂತರ

ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಲ್ಲಿ ಬೈತಲೆಯ ಫೋಟೊ ತೆಗೆದಿಡಿ. ದಿನಾ ಬಾಚಣಿಗೆಯ ಕೂದಲು ಎಣಿಸುತ್ತಾ ಕೂತರೆ ಮನಸ್ಸು ಕೆಡುತ್ತದೆ. ಮೂರು ತಿಂಗಳಿಗೆ ವಿಟಮಿನ್ ಡಿ ಮತ್ತೆ ನೋಡಿಸಿ. ಅಂಕಿ ಏರಿದೆ, ಹಣೆಯ ಅಂಚಲ್ಲಿ ಸಣ್ಣ ಹೊಸ ಕೂದಲು ನಿಂತಿದೆ ಎಂದರೆ ಸರಿಯಾದ ದಾರಿಯಲ್ಲಿದ್ದೀರಿ. ಅಂಕಿ ಏರಿಯೂ ಕೂದಲು ಉದುರುತ್ತಲೇ ಇದ್ದರೆ ಕಾರಣ ಬೇರೆ. ಬಿಸಿಲಿನ ಹೊತ್ತು ಹೆಚ್ಚಿಸಬೇಡಿ, ಚರ್ಮವೈದ್ಯರನ್ನು ನೋಡಿ.

ಅಷ್ಟು ಕಾಯಬಾರದ ಸಂದರ್ಭಗಳೂ ಇವೆ. ದುಂಡಗೆ ಹೋದ ಜಾಗ ದಿನೇದಿನೇ ದೊಡ್ಡದಾಗುವುದು, ಹುಬ್ಬು ಉದುರುವುದು, ನೆತ್ತಿಯಲ್ಲಿ ಕೀವು ಅಥವಾ ನೋವು, ಚರ್ಮ ಹೊಳಪಾಗಿ ಕೂದಲ ರಂಧ್ರವೇ ಕಾಣದಿರುವುದು, ಕೂದಲ ಜೊತೆ ತೂಕ ಇಳಿಯುವುದು ಅಥವಾ ಮುಟ್ಟು ತಪ್ಪುವುದು. ಇವುಗಳಲ್ಲಿ ಒಂದಿದ್ದರೂ ಅದೇ ವಾರ ಹೊರಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ರಕ್ತದ ರಿಪೋರ್ಟು, ಮಾತ್ರೆಗಳ ಪಟ್ಟಿ, ಮೊಬೈಲ್‌ನ ಫೋಟೊ ಜೊತೆಗಿರಲಿ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಡಾಕ್ಟರಿಗೆ ಕೂದಲ ಬುಡ ಕಾಣಬೇಕು.